ಜೋಡಿ ಗ್ರಹಗಳ ಸಂಜೆಗೆ ಸ್ಟೆಲೇರಿಯಂ: ಎಲ್ಲಿ ನಂಬಬಹುದು, ಎಲ್ಲಿ ತಿದ್ದಿಕೊಳ್ಳಬೇಕು

ಪಡುವಣದಲ್ಲಿ ಎರಡು ಗ್ರಹಗಳು ಒತ್ತೊತ್ತಾಗಿ ನಿಲ್ಲುವ ಸಂಜೆ ನಮ್ಮ ಕೈಗೆ ಸಿಗುವ ಸಮಯ ಕಡಿಮೆ. ಸೂರ್ಯ ಮುಳುಗಿ ಬೆಳಕು ಇಳಿಯಬೇಕು, ಅಷ್ಟರೊಳಗೆ ಗ್ರಹಗಳು ತೆಂಗಿನ ತಲೆಗೋ ಎದುರುಮನೆಯ ನೀರಿನ ಟ್ಯಾಂಕಿಗೋ ಮರೆಯಾಗಿರಬಾರದು. ಈ ಎರಡರ ನಡುವೆ ಕೆಲವು ಸಲ 20 ನಿಮಿಷವೂ ಉಳಿಯುವುದಿಲ್ಲ. ಯಾವ ದಿನ, ಎಲ್ಲಿ ನಿಲ್ಲಬೇಕು, ಯಾವ ಲೆನ್ಸ್ ಹಾಕಬೇಕು ಎಂಬ ಮೂರನ್ನೂ ಮೊದಲೇ ತೀರ್ಮಾನಿಸಿಕೊಂಡವರಿಗೆ ಮಾತ್ರ ಒಳ್ಳೆಯ ಚಿತ್ರ ದಕ್ಕುತ್ತದೆ. ಈ ಮೂರಕ್ಕೂ ಒಂದೇ ಕಡೆ ಉತ್ತರ ಕೊಡುವ, ಪರದೆಯ ಮೇಲೆ ಆಕಾಶ ತೋರಿಸುವ ಉಚಿತ ತಂತ್ರಾಂಶ ಸ್ಟೆಲೇರಿಯಂ. ಫ್ರಾನ್ಸಿನ ಫ್ಯಾಬಿಯನ್ ಶೆರೋ 2000ದಲ್ಲಿ ಶುರುಮಾಡಿದ ಈ ಮುಕ್ತ ತಂತ್ರಾಂಶ 1.0 ಎಂಬ ಆವೃತ್ತಿ ಸಂಖ್ಯೆಗೆ ಬಂದದ್ದು 2022ರಲ್ಲಿ. ವಿಂಡೋಸ್, ಲಿನಕ್ಸ್, ಮ್ಯಾಕ್ ಮೂರರಲ್ಲೂ ನಡೆಯುತ್ತದೆ. ಇಲ್ಲಿ ಹೇಳುತ್ತಿರುವುದು ಕಂಪ್ಯೂಟರ್ ಆವೃತ್ತಿಯ ಬಗ್ಗೆ, ಅದೂ ಗ್ರಹಗಳ ಯುತಿಯನ್ನು, ಅಂದರೆ ಅವು ಆಕಾಶದಲ್ಲಿ ಒಂದಕ್ಕೊಂದು ಹತ್ತಿರ ಕಾಣುವುದನ್ನು, ನೋಡುವ ಮತ್ತು ಚಿತ್ರ ತೆಗೆಯುವ ಕೆಲಸದ ಮಟ್ಟಿಗೆ.

ಈ ಕೆಲಸಕ್ಕೆ ಇದಕ್ಕಿಂತ ಒಳ್ಳೆಯ ಉಪಕರಣವನ್ನು ದುಡ್ಡು ಕೊಟ್ಟು ಕೊಳ್ಳುವ ಅಗತ್ಯ ಯಾರಿಗೂ ಇಲ್ಲ. ಆದರೆ ತೆರೆದ ಕೂಡಲೇ ತೋರಿಸುವ ಆಕಾಶವನ್ನು ಹಾಗೇ ನಂಬಿದರೆ ಮೋಸಹೋಗುತ್ತೀರಿ. ಲೆಕ್ಕದಲ್ಲಿ ತಪ್ಪಿಲ್ಲ, ಅದು ಹಿಡಿದುಕೊಂಡಿರುವ ಊರು, ದಿಗಂತ ಮತ್ತು ಗಾಳಿ ನಿಮ್ಮವಲ್ಲ, ಅಷ್ಟೆ.

ಮೊದಲು ಊರು. ಎಫ್6 ಒತ್ತಿದರೆ ಸ್ಥಳದ ಕಿಟಕಿ ತೆರೆಯುತ್ತದೆ. ನೆಟ್‌ವರ್ಕ್‌ನಿಂದ ಸ್ಥಳ ಪಡೆಯುವ ಗುರುತನ್ನು ತೆಗೆದುಹಾಕಿ. ಇಂಟರ್ನೆಟ್ ಸಂಪರ್ಕದ ವಿಳಾಸ ನೋಡಿ ಸ್ಥಳ ಊಹಿಸುವುದರಿಂದ ಮೈಸೂರಿನಲ್ಲಿ ಕೂತವರಿಗೆ ಅದು ಮುಂಬಯಿಯನ್ನೋ ಚೆನ್ನೈಯನ್ನೋ ತೋರಿಸಬಹುದು. ಜೂನ್ ತಿಂಗಳಲ್ಲಿ ಬೆಂಗಳೂರಿನ ಸೂರ್ಯಾಸ್ತಕ್ಕೂ ಮುಂಬಯಿಯದಕ್ಕೂ ಸುಮಾರು ಅರ್ಧ ಗಂಟೆ ವ್ಯತ್ಯಾಸ. ಗ್ರಹ ನೋಡುವ ಹೊತ್ತೇ ಅದರಲ್ಲಿ ಕಳೆದುಹೋಗುತ್ತದೆ. ರಾಜ್ಯದೊಳಗೂ ಇದು ಸಣ್ಣದಲ್ಲ: ಒಂದೇ ಅಕ್ಷಾಂಶದಲ್ಲಿರುವ ಬೆಂಗಳೂರಿಗೂ ಮಂಗಳೂರಿಗೂ ಸುಮಾರು 11 ನಿಮಿಷದ ಅಂತರವಿದೆ. ಊರಿನ ಹೆಸರು ಪಟ್ಟಿಯಲ್ಲಿ ಸಿಗದಿದ್ದರೆ ಅಕ್ಷಾಂಶ ರೇಖಾಂಶಗಳನ್ನು ಕೈಯಿಂದ ತುಂಬಿ, ಅದನ್ನೇ ಖಾಯಂ ಸ್ಥಳವೆಂದು ಗುರುತು ಹಾಕಿ. ಹಾಕದಿದ್ದರೆ ಮುಂದಿನ ಸಲ ತೆರೆದಾಗ ಹಳೆಯ ಊರಿಗೇ ಮರಳುತ್ತದೆ. ಪರದೆಯ ಕೆಳಗಿನ ಪಟ್ಟಿಯಲ್ಲಿ ಸಮಯದ ಪಕ್ಕ 5 ಗಂಟೆ 30 ನಿಮಿಷದ ಅಂತರ ಕಾಣುತ್ತಿದೆಯೇ ಎಂಬುದನ್ನೂ ಒಮ್ಮೆ ನೋಡಿಬಿಡಿ.

ಆಮೇಲೆ ದಿಗಂತ. ಮೊದಲ ಸಲ ಕಾಣುವ ಹುಲ್ಲುಗಾವಲು, ಮರಗಳು ಫ್ರಾನ್ಸಿನ ಗೆರೆಯಾನ್ ಎಂಬ ಹಳ್ಳಿಯದು. ಆ ಮರಗಳಿಗೂ ನಿಮ್ಮ ತಾರಸಿಗೂ ಸಂಬಂಧವಿಲ್ಲ. ಎಫ್4ರ ಭೂದೃಶ್ಯದ ಹಾಳೆಯಲ್ಲಿ ಸಮುದ್ರದ ದಿಗಂತ ಆರಿಸಿಕೊಂಡರೆ ಕಾರವಾರ, ಉಡುಪಿಯ ಕಡಲ ದಂಡೆಯಲ್ಲಿ ನಿಲ್ಲುವವರಿಗೆ ಅದು ನಿಜಕ್ಕೆ ಹತ್ತಿರ. ಉಳಿದವರು ತಮ್ಮದೇ ದಿಗಂತ ಮಾಡಿಕೊಳ್ಳುವುದು ಒಳ್ಳೆಯದು, ಮತ್ತು ಇದೇ ಈ ತಂತ್ರಾಂಶದ ಅತ್ಯಂತ ಬೆಲೆಬಾಳುವ, ಅತ್ಯಂತ ಕಡಿಮೆ ಬಳಕೆಯಾಗುವ ಸೌಲಭ್ಯ. ಬೇಕಾದದ್ದು ಒಂದು ಸಾದಾ ಪಠ್ಯ ಕಡತ: ಪ್ರತಿ ಸಾಲಿನಲ್ಲಿ ಎರಡು ಅಂಕಿ, ಮೊದಲನೆಯದು ದಿಗಂಶ (ಉತ್ತರದಿಂದ ಪೂರ್ವದ ಕಡೆಗೆ ಅಳೆದ ದಿಕ್ಕಿನ ಕೋನ), ಎರಡನೆಯದು ಆ ದಿಕ್ಕಿನಲ್ಲಿ ಅಡ್ಡಿಯಾಗಿರುವುದರ ಎತ್ತರ, ಎರಡೂ ಡಿಗ್ರಿಯಲ್ಲಿ. 285ರಲ್ಲಿ 6, 288ರಲ್ಲಿ 11, ಹೀಗೆ. ಪಡುವಣದಲ್ಲಿ 240ರಿಂದ 300ರವರೆಗೆ 3 ಡಿಗ್ರಿಗೊಮ್ಮೆ ಅಳೆದು, ಉಳಿದ ದಿಕ್ಕುಗಳಿಗೆ ಸುಮ್ಮನೆ 5 ಎಂದು ಹಾಕಿದರೂ ಸಾಕು. ಈ ಕಡತವನ್ನು ತಂತ್ರಾಂಶಕ್ಕೆ ಜೋಡಿಸುವ ಇನ್ನೊಂದು ಕಡತದ ಮಾದರಿ ತಂತ್ರಾಂಶದ ಕೈಪಿಡಿಯಲ್ಲಿ ಬಹುಭುಜ ದಿಗಂತದ ಭಾಗದಲ್ಲಿದೆ. ಅದನ್ನೇ ನಕಲು ಮಾಡಿ ಹೆಸರು ಬದಲಿಸಿ, ಎರಡೂ ಕಡತಗಳನ್ನು ಜಿಪ್ ಮಾಡಿ ಸೇರಿಸಬಹುದು.

ಎತ್ತರ ಅಳೆಯಲು ಫೋನಿನ ಓರೆ ತೋರಿಸುವ ಆ್ಯಪ್ ಸಾಕು. ಅದೂ ಬೇಡವಾದರೆ ಕೈ ಚಾಚಿ ಹಿಡಿದ ಮುಷ್ಟಿಯ ಅಗಲ ಸುಮಾರು 10 ಡಿಗ್ರಿ. ದಿಗಂಶದಲ್ಲಿ ಮಾತ್ರ ಎಚ್ಚರ ಬೇಕು. ತಾರಸಿಯ ಕಾಂಕ್ರೀಟಿನೊಳಗಿನ ಕಬ್ಬಿಣ ಫೋನಿನ ದಿಕ್ಸೂಚಿಯನ್ನು ಹತ್ತಾರು ಡಿಗ್ರಿ ತಪ್ಪಿಸಬಲ್ಲದು. ಅದಕ್ಕಿಂತ ಸೂರ್ಯನನ್ನೇ ಅಳತೆಗೋಲು ಮಾಡಿಕೊಳ್ಳಿ. ಸಂಜೆ ಸೂರ್ಯ ಯಾವ ಮನೆಯ ಮೂಲೆಗೆ ಇಳಿದ ಎಂದು ಗುರುತಿಸಿಕೊಂಡು, ಅದೇ ನಿಮಿಷಕ್ಕೆ ಸ್ಟೆಲೇರಿಯಂ ಕೊಡುವ ಸೂರ್ಯನ ದಿಗಂಶವನ್ನು ಆ ಮೂಲೆಗೆ ಬರೆದುಕೊಂಡರೆ ದಿಕ್ಕಿನ ಸಮಸ್ಯೆ ಅಲ್ಲಿಗೆ ಮುಗಿಯಿತು.

ದಿನ ಹುಡುಕಲು ಎಫ್10. ಖಗೋಳ ಲೆಕ್ಕಗಳ ಈ ಕಿಟಕಿಯಲ್ಲಿ ವಿದ್ಯಮಾನಗಳ ಹಾಳೆ ತೆರೆದು, ಮೊದಲ ಕಾಯವಾಗಿ ಶುಕ್ರನನ್ನು, ಎರಡನೆಯ ಗುಂಪಾಗಿ ಸೌರವ್ಯೂಹದ ಗ್ರಹಗಳನ್ನು ಆರಿಸಿ, ದಿನಾಂಕಗಳ ವ್ಯಾಪ್ತಿ ಕೊಟ್ಟರೆ ಯುತಿಗಳ ಪಟ್ಟಿ ಸಿಗುತ್ತದೆ. ಇಲ್ಲಿ ಮುಖ್ಯವಾದದ್ದು ಗರಿಷ್ಠ ಅಂತರದ ಮಿತಿ. ಅದನ್ನು 1 ಡಿಗ್ರಿಗೆ ಇಟ್ಟರೆ 2023ರ ಮಾರ್ಚ್ 1ರ ಶುಕ್ರ–ಗುರು ಯುತಿ ಪಟ್ಟಿಗೆ ಬರುತ್ತದೆ (ಅಂತರ ಅರ್ಧ ಡಿಗ್ರಿ), ಆದರೆ 1.6 ಡಿಗ್ರಿ ಅಂತರದ 2026ರ ಜೂನ್ 9ರದು ಬರುವುದೇ ಇಲ್ಲ. ಬರಿಗಣ್ಣಿಗೆ ಎರಡೂ ಸೊಗಸಾದ ನೋಟವೇ. ಮಿತಿಯನ್ನು 3 ಡಿಗ್ರಿಗೆ ಇಡಿ. ಪಟ್ಟಿ ಉದ್ದವಾದರೆ ಸೂರ್ಯನಿಂದ ಕೋನದೂರ ಹೇಳುವ ಕಂಬಸಾಲು ನೋಡಿ 15 ಡಿಗ್ರಿಗಿಂತ ಕಡಿಮೆ ಇರುವುದನ್ನೆಲ್ಲ ಬಿಟ್ಟುಬಿಡಿ. ಅವು ಕಾಗದದ ಮೇಲಿನ ಯುತಿಗಳು, ಸಂಜೆಯ ಕೆಂಪಿನಲ್ಲಿ ಕರಗಿಹೋಗುತ್ತವೆ. ಪಂಚಾಂಗದಲ್ಲಿ ಮೌಢ್ಯ ಎಂದು ಬರೆಯುವುದೂ ಇದನ್ನೇ: ಗ್ರಹ ಇದೆ, ಸೂರ್ಯನ ಬೆಳಕಿನಲ್ಲಿ ಕಾಣುವುದಿಲ್ಲ.

ಪಟ್ಟಿಯ ಸಾಲಿನ ಮೇಲೆ ಎರಡು ಬಾರಿ ಒತ್ತಿದರೆ ಆ ಕ್ಷಣಕ್ಕೆ ಆಕಾಶ ಹಾರುತ್ತದೆ. ಆ ಕ್ಷಣ ಭಾರತದಲ್ಲಿ ಹಗಲಾಗಿರಬಹುದು, ಗ್ರಹಗಳು ಮುಳುಗಿದ ರಾತ್ರಿಯೂ ಆಗಿರಬಹುದು. 2020ರ ಡಿಸೆಂಬರ್ 21ರ ಗುರು–ಶನಿ ಮಹಾಯುತಿಯಲ್ಲಿ ಎರಡರ ನಡುವೆ ಕೇವಲ 6 ಕಲೆಯಷ್ಟು (ಒಂದು ಡಿಗ್ರಿಗೆ 60 ಕಲೆ) ಅಂತರವಿತ್ತು. ಆದರೆ ಅತಿ ಸಮೀಪದ ಕ್ಷಣ ಬಂದಾಗ ಕರ್ನಾಟಕದಲ್ಲಿ ಎರಡೂ ಅಸ್ತವಾಗಿದ್ದವು. ಹಾಗಾಗಿ ಪಟ್ಟಿಯ ಸಮಯ ದಿನವನ್ನು ಹೇಳುತ್ತದೆ, ಗಂಟೆಯನ್ನಲ್ಲ. ಅಲ್ಲಿಂದ ಸಮ ಚಿಹ್ನೆಯ ಕೀಲಿ ಒಂದು ದಿನ ಮುಂದಕ್ಕೆ, ಅಡ್ಡಗೆರೆಯ ಕೀಲಿ ಒಂದು ದಿನ ಹಿಂದಕ್ಕೆ ಒಯ್ಯುತ್ತದೆ. ಕಂಟ್ರೋಲ್ ಜೊತೆ ಒತ್ತಿದರೆ ಅವೇ ಒಂದೊಂದು ಗಂಟೆ. ಸಂಜೆಗೆ ತಂದು ನಿಲ್ಲಿಸಿ, 7 ಒತ್ತಿ ಕಾಲವನ್ನು ತಡೆದು, ನಂತರ ದಿನದಿನಕ್ಕೆ ಹಿಂದೆಮುಂದೆ ಹೋಗಿ ನೋಡಿ.

2026ರ ಜೂನ್ 9ನ್ನೇ ಮಾದರಿಯಾಗಿ ಇಟ್ಟುಕೊಳ್ಳೋಣ. ಬೆಂಗಳೂರಿನಲ್ಲಿ ಸೂರ್ಯಾಸ್ತ ಸಂಜೆ 6.45ರ ಸುಮಾರಿಗೆ, ದಿಗಂಶ ಸುಮಾರು 294. ಅಂದರೆ ನೇರ ಪಡುವಣದಿಂದ 24 ಡಿಗ್ರಿ ಬಲಕ್ಕೆ. ಅರ್ಧ ಗಂಟೆ ಕಳೆದಾಗ ಶುಕ್ರ ಮತ್ತು ಗುರು ಸುಮಾರು 29 ಡಿಗ್ರಿ ಎತ್ತರದಲ್ಲಿವೆ, ಮುಳುಗುವುದು ರಾತ್ರಿ 9.20ರ ಹೊತ್ತಿಗೆ. ಗುರುವಿನ ಬಲಕ್ಕೆ ತುಸು ಮೇಲೆ ಶುಕ್ರ, ಸುಮಾರು 13 ಡಿಗ್ರಿ ಕೆಳಗೆ ಬುಧ, ಬಲಗಡೆ ಪುನರ್ವಸುವಿನ ಎರಡು ನಕ್ಷತ್ರಗಳು. ಅಪರೂಪಕ್ಕೆ ಇಷ್ಟು ಎತ್ತರದಲ್ಲಿ, ಇಷ್ಟು ಹೊತ್ತು ಸಿಗುವ ಯುತಿ. ಅಡ್ಡಿಯೆಂದರೆ ಮುಂಗಾರು ಕಾಲಿಡುವ ವಾರವೂ ಅದೇ.

ದಿನದಿನಕ್ಕೆ ಓಡಿಸಿ ನೋಡುವುದರ ಲಾಭ ಇಲ್ಲೇ ತಿಳಿಯುತ್ತದೆ. ಆ ದಿನಗಳಲ್ಲಿ ಶುಕ್ರ ಗುರುವನ್ನು ದಿನಕ್ಕೆ ಹೆಚ್ಚುಕಡಿಮೆ 1 ಡಿಗ್ರಿಯಂತೆ ದಾಟುತ್ತದೆ. ಹಾಗಾಗಿ 8 ಮತ್ತು 10ರ ಸಂಜೆ ಅಂತರ 2 ಡಿಗ್ರಿಯ ಒಳಗೇ ಇದೆ. 4ರಿಂದ 14ರವರೆಗೂ ಎರಡೂ ಗ್ರಹಗಳು 10×50 ದುರ್ಬೀನಿನ 6.5 ಡಿಗ್ರಿ ನೋಟದೊಳಗೆ ಒಟ್ಟಿಗೆ ಬರುತ್ತವೆ. ಮೋಡದ ಕಾಲದಲ್ಲಿ ಒಂದೇ ಸಂಜೆಯನ್ನು ನೆಚ್ಚಿಕೊಂಡು ಕೂರುವ ಬದಲು ಹನ್ನೊಂದು ಸಂಜೆ ಆಕಾಶ ನೋಡುವ ಮನಸ್ಸು ಮಾಡಬೇಕು. ಆ್ಯಂಗಲ್ ಮೆಷರ್ ಎಂಬ ಪ್ಲಗಿನ್ (ತಂತ್ರಾಂಶದ ಹೆಚ್ಚುವರಿ ಸೌಲಭ್ಯ) ಹಾಕಿಕೊಂಡರೆ ಎರಡು ಗ್ರಹಗಳ ನಡುವೆ ಮೌಸಿನಿಂದ ಗೆರೆ ಎಳೆದು ಅಂತರವನ್ನು ನೇರ ಓದಬಹುದು. ಎಫ್2ರ ಪ್ಲಗಿನ್ ಹಾಳೆಯಲ್ಲಿ ಆರಂಭದಲ್ಲೇ ತೆರೆಯಲಿ ಎಂಬ ಗುರುತು ಹಾಕಿ ತಂತ್ರಾಂಶವನ್ನು ಮುಚ್ಚಿ ಮತ್ತೆ ತೆರೆಯಬೇಕು. ಮುಚ್ಚದೆ ಹುಡುಕುವವರಿಗೆ ಆ ಗುಂಡಿ ಸಿಗುವುದಿಲ್ಲ.

ಇಲ್ಲೊಂದು ಗೊಂದಲವನ್ನು ಬಿಡಿಸಿಬಿಡಬೇಕು. ಆ ಸಂಜೆ ಪಂಚಾಂಗ ಗುರು ಶುಕ್ರರನ್ನು ಕರ್ಕಾಟಕದಲ್ಲಿ ತೋರಿಸಿದರೆ ಸ್ಟೆಲೇರಿಯಂ ಮಿಥುನದಲ್ಲಿ ತೋರಿಸುತ್ತದೆ. ಯಾವುದೂ ತಪ್ಪಲ್ಲ. ಪಂಚಾಂಗದ ರಾಶಿಗಳು ತಲಾ 30 ಡಿಗ್ರಿಯ ಸಮಭಾಗಗಳು. ತಂತ್ರಾಂಶ ಬಳಸುವುದು ಅಂತಾರಾಷ್ಟ್ರೀಯ ಖಗೋಳ ಒಕ್ಕೂಟದ ನಕ್ಷತ್ರಪುಂಜದ ಗಡಿಗಳನ್ನು, ಅವು ಹೊಲದ ಬದುಗಳಂತೆ ಒಂದೊಂದು ಒಂದೊಂದು ಅಗಲ.

ಚಿತ್ರ ತೆಗೆಯುವವರಿಗೆ ಆಕ್ಯುಲರ್ಸ್ ಎಂಬ ಪ್ಲಗಿನ್‌ಗಾಗಿಯಾದರೂ ಈ ತಂತ್ರಾಂಶ ಬೇಕು. ಕ್ಯಾಮೆರಾದ ಸೆನ್ಸರಿನ ಅಗಲ, ಎತ್ತರಗಳನ್ನು ಮಿಲಿಮೀಟರಿನಲ್ಲಿ, ಪಿಕ್ಸೆಲ್ ಸಂಖ್ಯೆಯನ್ನು, ದೂರದರ್ಶಕದ ಹಾಳೆಯಲ್ಲಿ ಫೋಕಲ್ ಲೆಂತನ್ನು ತುಂಬಿದರೆ ಆಕಾಶದ ಮೇಲೆ ಕೆಂಪು ಚೌಕಟ್ಟು ಮೂಡುತ್ತದೆ. ಕ್ಯಾಮೆರಾ ಲೆನ್ಸನ್ನೂ ದೂರದರ್ಶಕವೆಂದೇ ಸೇರಿಸಬೇಕು. ಲೆನ್ಸ್ ಎಂಬ ಹೆಸರಿನ ಹಾಳೆ ಇರುವುದು ದೂರದರ್ಶಕದ ಫೋಕಲ್ ಲೆಂತನ್ನು ಹೆಚ್ಚಿಸುವ ಬಾರ್ಲೋ ಮತ್ತು ಕಡಿಮೆ ಮಾಡುವ ರೆಡ್ಯೂಸರುಗಳಿಗೆ. 200 ಮಿಲಿಮೀಟರ್ ಲೆನ್ಸನ್ನು ಅಲ್ಲಿ ತುಂಬಲು ಹೋಗಿ ಚೌಕಟ್ಟು ಅಸ್ತವ್ಯಸ್ತವಾಗುವುದು ಹೊಸಬರ ಸಾಮಾನ್ಯ ತಪ್ಪು. ದುರ್ಬೀನಿಗೆ ಐಪೀಸ್ (ಕಣ್ಣಿಡುವ ಮಸೂರ) ಹಾಳೆಯಲ್ಲಿ ಬೈನಾಕ್ಯುಲರ್ ಗುರುತು ಹಾಕಿದರೆ ಅದೇ ಖಾನೆಗಳು ವರ್ಧನೆ, ವ್ಯಾಸ, ನೋಟದ ಅಗಲವನ್ನು ಕೇಳುತ್ತವೆ.

ಚೌಕಟ್ಟು ಏನು ಹೇಳುತ್ತದೆ ನೋಡಿ. 23.5×15.6 ಮಿಲಿಮೀಟರ್ ಸೆನ್ಸರಿಗೆ 200 ಮಿಲಿಮೀಟರ್ ಲೆನ್ಸ್ ಹಾಕಿದರೆ 6.7×4.5 ಡಿಗ್ರಿ, ಜೂನ್ 9ರ ಜೋಡಿ ನಡುವೆ ಕೂತು ಸುತ್ತ ಉಸಿರಾಡಲು ಜಾಗ ಇದೆ. 750 ಮಿಲಿಮೀಟರಿನ 6 ಇಂಚು ನ್ಯೂಟನ್ ದೂರದರ್ಶಕದಲ್ಲಿ ಸುಮಾರು 1.8×1.2 ಡಿಗ್ರಿ; ಉದ್ದದ ಬದಿಯನ್ನು ಗ್ರಹಗಳ ಸಾಲಿಗೆ ಹೊಂದಿಸಿ ತಿರುಗಿಸಿದರೆ ಮಾತ್ರ ಎರಡೂ ಹಿಡಿಸುತ್ತವೆ. ಪ್ಲಗಿನ್‌ನಲ್ಲಿ ಚೌಕಟ್ಟನ್ನು ತಿರುಗಿಸುವ ಗುಂಡಿ ಇದ್ದು, ಎಷ್ಟು ಡಿಗ್ರಿ ತಿರುಗಿಸಬೇಕು ಎಂಬುದು ಮನೆಯಲ್ಲೇ ಗೊತ್ತಾಗುತ್ತದೆ. 1200 ಮಿಲಿಮೀಟರಿನ ದೂರದರ್ಶಕಕ್ಕೆ ಈ ಜೋಡಿ ಹಿಡಿಸುವುದೇ ಇಲ್ಲ, ಹೊತ್ತು ತಾರಸಿಗೆ ಏರಿಸುವ ಶ್ರಮ ಉಳಿಯಿತು. ಕಣ್ಣಿನಿಂದ ನೋಡುವವರಿಗೂ ಇದೇ ಲೆಕ್ಕ: ಅದೇ 750 ಮಿಲಿಮೀಟರ್ ದೂರದರ್ಶಕಕ್ಕೆ 25 ಮಿಲಿಮೀಟರಿನ ಪ್ಲಾಸಲ್ ಮಾದರಿಯ ಐಪೀಸ್ ಹಾಕಿದರೆ 1.7 ಡಿಗ್ರಿಗೂ ಕಡಿಮೆ, ಎರಡು ಗ್ರಹಗಳೂ ಅಂಚಿಗೆ ಒತ್ತಿಕೊಳ್ಳುತ್ತವೆ. 32 ಹಾಕಿದರೆ 2.1 ಡಿಗ್ರಿ, ನೆಮ್ಮದಿ.

ಫೋನಿನ ಅಗಲ ಲೆನ್ಸಿಗೆ ಈ ಚೌಕಟ್ಟು ಬೇಡ. ಫೋನನ್ನು ನಿಲುವಾಗಿ ಹಿಡಿದಾಗ ಮುಖ್ಯ ಕ್ಯಾಮೆರಾಕ್ಕೆ ಸಾಮಾನ್ಯವಾಗಿ 70 ಡಿಗ್ರಿಯ ಆಸುಪಾಸು ಎತ್ತರದ ನೋಟ ಸಿಗುತ್ತದೆ. ಕೆಳಪಟ್ಟಿಯಲ್ಲಿ ನೋಟದ ಅಗಲ 70 ಆಗುವ ತನಕ ಹಿಗ್ಗಿಸಿ ನೋಡಿದರೆ ಮರ, ಗೋಪುರ, ಗ್ರಹ ಎಲ್ಲವೂ ಎಷ್ಟೆಷ್ಟು ದೊಡ್ಡದಾಗಿ ಬೀಳುತ್ತವೆ ಎಂದು ತಿಳಿಯುತ್ತದೆ. 1.6 ಡಿಗ್ರಿ ಅಂತರದ ಜೋಡಿ ಅದರಲ್ಲಿ ಎಷ್ಟು ಚಿಕ್ಕದು ಎಂಬುದೂ ತಿಳಿಯುತ್ತದೆ. ಮೂರು ಪಟ್ಟಿನ ಟೆಲಿ ಕ್ಯಾಮೆರಾ ಇದ್ದರೆ ಅದನ್ನೇ ಬಳಸಿ.

ಬೆಳಕಿನ ವಿಷಯಕ್ಕೆ ಬಂದರೆ, ಸೂರ್ಯನ ಮೇಲೆ ಒತ್ತಿ ಮೇಲಿನ ಎಡಮೂಲೆಯಲ್ಲಿ ಅದರ ಎತ್ತರ ಓದಿ. ಗಡಿಯಾರಕ್ಕಿಂತ ಇದು ನಂಬಿಕಸ್ತ ಸೂಚನೆ. ಸೂರ್ಯ ದಿಗಂತದಿಂದ 6 ಡಿಗ್ರಿ ಕೆಳಗಿದ್ದಾಗ ಆಕಾಶದಲ್ಲಿ ಇನ್ನೂ ನೀಲಿ ಕಿತ್ತಳೆ ಬಣ್ಣ ಇರುತ್ತದೆ, ನೆಲದ ಮರ ಮನೆಗಳ ಆಕಾರವೂ ಉಳಿದಿರುತ್ತದೆ. 9 ಡಿಗ್ರಿ ಆಗುವವರೆಗಿನ ಹೊತ್ತು ನೆಲ–ಮುಗಿಲು ಎರಡನ್ನೂ ಸೇರಿಸಿ ತೆಗೆಯುವ ಚಿತ್ರಕ್ಕೆ ಅತ್ಯುತ್ತಮ. ನಮ್ಮ ಅಕ್ಷಾಂಶದಲ್ಲಿ ಇದು ಬೇಗ ಮುಗಿಯುತ್ತದೆ, 15 ನಿಮಿಷಕ್ಕಿಂತ ಹೆಚ್ಚು ಸಿಗುವುದಿಲ್ಲ. ಟ್ರೈಪಾಡಿನ ಮೇಲೆ 50 ಅಥವಾ 85 ಮಿಲಿಮೀಟರ್ ಲೆನ್ಸ್, ಅಪರ್ಚರ್ ಎಫ್/4, ಐಎಸ್‌ಒ 400, ಅರ್ಧ ಸೆಕೆಂಡಿನಿಂದ ಶುರುಮಾಡಿ, ಕತ್ತಲಾದಂತೆ ಹೆಚ್ಚಿಸುತ್ತ ಹೋಗಿ. ಎಷ್ಟರವರೆಗೆ? ಆಕಾಶ ಸೆಕೆಂಡಿಗೆ 15 ವಿಕಲೆ (ಒಂದು ಕಲೆಗೆ 60 ವಿಕಲೆ) ಜರುಗುತ್ತದೆ. ಪಿಕ್ಸೆಲ್ಲಿನ ಅಳತೆಯನ್ನು ಮೈಕ್ರಾನಿನಲ್ಲಿ ತೆಗೆದುಕೊಂಡು 206ರಿಂದ ಗುಣಿಸಿ ಫೋಕಲ್ ಲೆಂತಿನಿಂದ ಭಾಗಿಸಿದರೆ ಒಂದು ಪಿಕ್ಸೆಲ್ ಎಷ್ಟು ವಿಕಲೆ ಎಂದು ಸಿಗುತ್ತದೆ. 4 ಮೈಕ್ರಾನಿಗೆ 85 ಮಿಲಿಮೀಟರಿನಲ್ಲಿ ಅದು ಸುಮಾರು 10, ಹಾಗಾಗಿ 2 ಸೆಕೆಂಡಿನವರೆಗೂ ಗ್ರಹ ಚುಕ್ಕಿಯಾಗಿಯೇ ಉಳಿಯುತ್ತದೆ. 300 ಮಿಲಿಮೀಟರಿನಲ್ಲಿ ಅದು 3ಕ್ಕೂ ಕಡಿಮೆ. ಅರ್ಧ ಸೆಕೆಂಡು ದಾಟಿದರೆ ಗ್ರಹ ಗೆರೆಯಾಗಲು ತೊಡಗುತ್ತದೆ.

ಜೂನ್ 9ರ ಸಂಜೆ ಶುಕ್ರನ ಕಾಂತಿಮಾನ (ಹೊಳಪಿನ ಅಳತೆ, ಅಂಕಿ ಕಡಿಮೆಯಾದಷ್ಟೂ ಹೊಳಪು ಹೆಚ್ಚು) ಸುಮಾರು −4, ಗುರುವಿನದು −1.9. ಕಣ್ಣಿಗೆ ಏಳು ಪಟ್ಟಿನ ವ್ಯತ್ಯಾಸ. ಶುಕ್ರನ ಬಿಂಬ ಗುರುವಿನದಕ್ಕಿಂತ ಚಿಕ್ಕದು, ಆದ್ದರಿಂದ ಬಿಂಬದ ಒಂದೊಂದು ತುಣುಕಿನ ಹೊಳಪು ಲೆಕ್ಕ ಹಾಕಿದರೆ ಶುಕ್ರ ಸುಮಾರು 50 ಪಟ್ಟು ಹೆಚ್ಚು ಪ್ರಖರ. ಗುರುವಿನ ಪಟ್ಟೆಗಳಿಗೆ ಸರಿಹೋಗುವ ಎಕ್ಸ್‌ಪೋಷರಿನಲ್ಲಿ ಶುಕ್ರ ಸುಟ್ಟು ಬಿಳಿಯಾಗುವುದು ಇದರಿಂದಲೇ. ಗುರುವಿನ ನಾಲ್ಕು ದೊಡ್ಡ ಉಪಗ್ರಹಗಳಿಗೆ ಇನ್ನೂ ಹೆಚ್ಚು ಬೆಳಕು ಬೇಕು. ಒಂದೇ ಹೊಡೆತದಲ್ಲಿ ಎಲ್ಲ ಸಿಗುವುದಿಲ್ಲ, ಬೇರೆ ಬೇರೆ ಎಕ್ಸ್‌ಪೋಷರುಗಳ ಸರಣಿ ತೆಗೆಯಬೇಕು. ಇದನ್ನು ಸ್ಟೆಲೇರಿಯಂ ಪರದೆ ತೋರಿಸುವುದಿಲ್ಲ: ಅದು ಎರಡೂ ಬಿಂಬಗಳನ್ನು ಸಮನಾಗಿ, ಚೊಕ್ಕಟವಾಗಿ ಬಿಡಿಸುತ್ತದೆ. ಆ ಚಿತ್ರವನ್ನು ಮನಸ್ಸಿನಲ್ಲಿಟ್ಟುಕೊಂಡು ಹೋದವರು ನಿರಾಶರಾಗುತ್ತಾರೆ. ಉಪಗ್ರಹಗಳು ಗುರುವಿನ ಯಾವ ಬದಿಯಲ್ಲಿ ಎಷ್ಟು ದೂರದಲ್ಲಿವೆ ಎಂಬುದಕ್ಕೆ ಮಾತ್ರ ಅದನ್ನು ಪೂರ್ತಿ ನಂಬಬಹುದು. ಹಾಗೆಯೇ ಶುಕ್ರನ ಸುತ್ತ ಚಿತ್ರದಲ್ಲಿ ಬರುವ ಹಸಿರು ಭೂತಬಿಂಬ ಬಹುಪಾಲು ಲೆನ್ಸಿನ ಮುಂದಿನ ಯುವಿ ಫಿಲ್ಟರಿನದು. ಫಿಲ್ಟರ್ ಬಿಚ್ಚಿ, ಟ್ರೈಪಾಡಿನ ಮೇಲೆ ಇದ್ದಾಗ ಕಂಪನ ನಿವಾರಕವನ್ನು ಆಫ್ ಮಾಡಿ, ಲೈವ್ ವ್ಯೂನಲ್ಲಿ ಹಿಗ್ಗಿಸಿ ಶುಕ್ರನ ಮೇಲೆಯೇ ಕೈಯಿಂದ ಫೋಕಸ್ ಮಾಡಿ.

ಗ್ರಹಗಳನ್ನು ಹಿಗ್ಗಿಸಿ ತೋರಿಸುವ ಆಯ್ಕೆಯೊಂದು ಎಫ್4ರ ಸೌರವ್ಯೂಹದ ಹಾಳೆಯಲ್ಲಿದೆ. ಮಕ್ಕಳಿಗೆ ತೋರಿಸಲು ಚೆನ್ನ, ಯುತಿಯ ಯೋಜನೆಗೆ ಕೆಡುಕು. ಅದು ಚಾಲೂ ಇದ್ದರೆ ದೂರವಿರುವ ಗ್ರಹಗಳೂ ಒಂದಕ್ಕೊಂದು ಅಂಟಿದಂತೆ ಕಾಣುತ್ತವೆ. ಚಂದ್ರನನ್ನು ಹಿಗ್ಗಿಸುವ ಆಯ್ಕೆಯೂ ಹಾಗೆಯೇ. 2023ರ ಮಾರ್ಚ್ 24ರ ಸಂಜೆ ಭಾರತದಲ್ಲಿ ಕಂಡ ಚಂದ್ರನ ಹಿಂದೆ ಶುಕ್ರ ಮರೆಯಾಗುವಂಥ ಘಟನೆಯನ್ನು ಈ ಆಯ್ಕೆ ಇಟ್ಟುಕೊಂಡು ನೋಡಿದರೆ ಪರದೆಯ ಮೇಲೆ ಶುಕ್ರ ಬೇಗ ಮರೆಯಾಗಿ ತಡವಾಗಿ ಹೊರಬರುತ್ತದೆ. ಎರಡನ್ನೂ ತೆಗೆದಿಡಿ.

ಬುಧನ ವಿಷಯದಲ್ಲಿ ತಂತ್ರಾಂಶ ಆಶಾವಾದಿ. ಸಂಜೆಯ ಬೆಳಕನ್ನೂ ಗಾಳಿ ಹೀರುವ ಬೆಳಕನ್ನೂ ಅದು ಲೆಕ್ಕಕ್ಕೆ ತೆಗೆದುಕೊಳ್ಳುವುದು ನಿಜ. ಆದರೆ ಎಫ್4ರ ವಾತಾವರಣದ ಸೆಟ್ಟಿಂಗಿನಲ್ಲಿ ಬೆಳಕು ಕುಂದುವ ಗುಣಕವನ್ನು ನಾವೇ ನಮ್ಮ ಊರಿಗೆ ಹೊಂದಿಸಬೇಕು. 5 ಡಿಗ್ರಿ ಎತ್ತರದಲ್ಲಿ ಬೆಳಕು ನೆತ್ತಿಗಿಂತ ಸುಮಾರು 10 ಪಟ್ಟು ಗಾಳಿಯನ್ನು ಸೀಳಿ ಬರುತ್ತದೆ. ಗುಣಕ 0.2 ಆದರೆ ಗ್ರಹ 2 ಕಾಂತಿಮಾನ ಮಂಕು, ದೂಳು ತುಂಬಿದ ಬೇಸಗೆಯ ಊರಿನಲ್ಲಿ 0.35 ಆದರೆ 3.5. ಬೆಂಗಳೂರಿನಂಥ ಕಡೆ 0.3ಕ್ಕೆ ಇಟ್ಟು ನೋಡಿ, ಆಗಲೂ ಬುಧ ಕಂಡರೆ ಹೊರಡಿ. ಮಳೆ ತೊಳೆದ ಸಂಜೆ ಇದಕ್ಕಿಂತ ಚೆನ್ನಾಗಿರುತ್ತದೆ, ಅದು ಬೋನಸ್. ಮೋಡದ ಮುನ್ಸೂಚನೆ ಇದರ ಕೆಲಸವಲ್ಲ. ಉಪಗ್ರಹದ ಮೋಡಚಿತ್ರವನ್ನು ಬೇರೆ ಕಡೆ ನೋಡಬೇಕು.

ಮೊಬೈಲ್ ಆವೃತ್ತಿ ಬಯಲಲ್ಲಿ ನಿಂತು ಎತ್ತಿ ಹಿಡಿದು ಗುರುತಿಸಲು ಚೆನ್ನಾಗಿದೆ, ಆದರೆ ಮೇಲೆ ಹೇಳಿದ ಎಫ್10ರ ಲೆಕ್ಕಗಳಿಗೆ ಕಂಪ್ಯೂಟರಿನ ಆವೃತ್ತಿಯೇ ಬೇಕು. ಭಾಷೆಗಳ ಪಟ್ಟಿಯಲ್ಲಿ ಕನ್ನಡವೂ ಇದೆ. ಅನುವಾದ ಪೂರ್ತಿಯಾಗಿಲ್ಲ, ಕಿಟಕಿಗಳ ಒಳಗೆ ಇಂಗ್ಲಿಷ್ ಸಾಲುಗಳು ಹಾಗೇ ಉಳಿದಿವೆ. ತಂತ್ರಾಂಶದ ಭಾಷೆ, ಆಕಾಶದ ಹೆಸರುಗಳ ಭಾಷೆ ಎರಡನ್ನೂ ಬೇರೆ ಬೇರೆ ಆರಿಸಬಹುದಾದ್ದರಿಂದ ಮೆನುಗಳನ್ನು ಇಂಗ್ಲಿಷಿನಲ್ಲಿಟ್ಟು ಆಕಾಶವನ್ನು ಕನ್ನಡದಲ್ಲಿ ಇಡುವುದು ಸದ್ಯಕ್ಕೆ ಅನುಕೂಲ. ಬಲ್ಲವರು ಕೈಜೋಡಿಸಿದರೆ ಇದು ಸರಿಹೋಗುವ ಕೊರತೆ, ಯಾಕೆಂದರೆ ಅನುವಾದದ ಕೆಲಸ ಎಲ್ಲರಿಗೂ ತೆರೆದಿದೆ.

ಇದನ್ನೆಲ್ಲ ಹೊಂದಿಸಿಕೊಂಡ ಮೇಲೆ 2026ರ ಜೂನ್ 9ಕ್ಕೇ ನಿಲ್ಲಬೇಡಿ, ದಿನದ ಕೀಲಿಯನ್ನು ಇನ್ನೊಂದು ವಾರ ಒತ್ತಿ. ಅಮಾವಾಸ್ಯೆ 15ಕ್ಕೆ. 16ರ ಸಂಜೆ ತೆಳ್ಳನೆಯ ಚಂದ್ರ ಬುಧ, ಗುರು, ಶುಕ್ರರ ಓರೆಸಾಲಿಗೆ ಕೆಳಗಿನಿಂದ ಬಂದು ಸೇರುತ್ತಾನೆ, 17ರಂದು ಶುಕ್ರನ ಹತ್ತಿರಕ್ಕೆ ಏರಿರುತ್ತಾನೆ. 9ರಂದು ಮಳೆ ಸುರಿದವರು 85 ಮಿಲಿಮೀಟರ್ ಲೆನ್ಸನ್ನು ಆ ಎರಡು ಸಂಜೆಗೆ ಎತ್ತಿಡಬಹುದು.